ಗಂಗುಲಪ್ಪನ ಮನೆಯಲ್ಲಿದ್ದ ತಾತ

ವಕ್ಕಲೇರಿಯ ಗಂಗುಲಪ್ಪ ಕೋಲಾರದ ನಮ್ಮ ಕಚೇರಿಗೆ ಸೇರಿದ್ದು ಎಪ್ಪತ್ತೇಳರಲ್ಲಿ, ದಿನಗೂಲಿಯ ಮೇಲೆ. ಸೀಮೆಹಸುಗಳ ತಳಿ ಸುಧಾರಿಸುವ ಯೋಜನೆ ನಮ್ಮದು. ಹೋರಿಗಳ ವೀರ್ಯವನ್ನು ತಣ್ಣಗಿಡುವ ಕ್ಯಾನುಗಳನ್ನು ಜೀಪಿಗೆ ಹತ್ತಿಸುವುದು, ಇಳಿಸುವುದು, ಮುಚ್ಚಳ ಭದ್ರವಾಗಿದೆಯೇ ಎಂದು ನೋಡುವುದು ಅವನ ಕೆಲಸ. ಮುಚ್ಚಳದ ವಿಷಯದಲ್ಲಿ ಅವನಷ್ಟು ನಿಷ್ಠುರ ಮನುಷ್ಯನನ್ನು ನಾನು ಕಂಡಿಲ್ಲ. ನಾನು ಊಟದ ಡಬ್ಬಿ ತೆರೆದಿಟ್ಟು ಕೈ ತೊಳೆಯಲು ಹೋದರೆ ಬರುವಷ್ಟರಲ್ಲಿ ಅದು ಮುಚ್ಚಿರುತ್ತಿತ್ತು. ಇಂಕಿನ ಬಾಟಲಿ, ಕುಡಿಯುವ ನೀರಿನ ಹೂಜಿ, ಸಾಹೇಬರ ಕೋಣೆಯ ಬಾಗಿಲು, ಯಾವುದನ್ನೂ ಅವನು ಬಾಯಿ ಬಿಟ್ಟುಕೊಂಡಿರಲು ಬಿಡುತ್ತಿರಲಿಲ್ಲ.

ಇದು ಹುಟ್ಟಿನಿಂದ ಬಂದದ್ದು. ಅವನ ಮನೆಯವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವವರು. ಹುಳದ ಮನೆಗೆ ಕಾಲು ತೊಳೆಯದೆ ಹೋಗುವಂತಿಲ್ಲ, ಹೊಗೆಸೊಪ್ಪು ಬಾಯಲ್ಲಿದ್ದರೆ ಹೋಗುವಂತಿಲ್ಲ, ಗಾಳಿ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅಂಥ ಮನೆಯಲ್ಲಿ ಬೆಳೆದ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಸೋತು ನಮ್ಮ ಪಾಲಿಗೆ ಬಂದ.

ಎಂಬತ್ತನಾಲ್ಕರಲ್ಲಿ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಆಗಿನ ಯೋಜನಾಧಿಕಾರಿ ಕೋದಂಡರಾಮಪ್ಪನವರು. ಒಳ್ಳೆಯ ಮನುಷ್ಯ. ಒಂದೇ ಕೊರತೆ ಎಂದರೆ, ಅವರು ಎರಡು ಜನರ ಮುಂದೆ ನಿಂತರೂ ಸಭೆ ಸೇರಿದೆ ಎಂದುಕೊಳ್ಳುತ್ತಿದ್ದರು. ಕಂಪ್ಯೂಟರಿಗೆ ಹಾರ ಹಾಕಿದ ದಿನ, "ಇನ್ನು ಕೋಲಾರ ಜಪಾನಿಗಿಂತ ಆರು ತಿಂಗಳು ಹಿಂದಿದೆ, ಅಷ್ಟೆ" ಎಂದು ಘೋಷಿಸಿದರು. ಮಾಲೂರು ಸೆಂಟರಿನ ದನದ ಡಾಕ್ಟರು ಮೆಲ್ಲಗೆ, "ಸಾರ್, ಕರೆಂಟು ಬಂದ್ರೆ" ಎಂದರು. ಅದು ನಡಾವಳಿಯಲ್ಲಿ ದಾಖಲಾಗಲಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ತಾಲ್ಲೂಕಿನ ಸೀಮೆಹಸುಗಳ ಏಳು ವರ್ಷದ ಚರಿತ್ರೆ ಕಾರ್ಡುಗಳಲ್ಲಿತ್ತು. ಕಿವಿಯ ಬಿಲ್ಲೆಯ ನಂಬರು, ತಾಯಿ ಯಾರು, ಯಾವ ಹೋರಿ, ಯಾವಾಗ ಕರು, ಎಷ್ಟು ಹಾಲು. ಅದಿಲ್ಲದಿದ್ದರೆ ಹಸುವಿಗೆ ಅದರ ಅಪ್ಪನನ್ನೇ ಗಂಟುಹಾಕುವ ಅಪಾಯ. ಅಷ್ಟನ್ನೂ ಕಂಪ್ಯೂಟರಿಗೆ ಟೈಪ್ ಮಾಡಿ ತುಂಬಿಸಿದವನು ಗುಮಾಸ್ತನಾದ ನಾನು. ಒಂದೂವರೆ ವರ್ಷ ಹಿಡಿಯಿತು. ಕನಸಿನಲ್ಲೂ ಹಸುಗಳು ನಂಬರು ಹೇಳಿ ಮುಂದೆ ಹೋಗುತ್ತಿದ್ದವು. ಕೆಲಸ ಮುಗಿದ ವಾರವೇ ಕೋದಂಡರಾಮಪ್ಪನವರು, "ಕಂಪ್ಯೂಟರ್ ಇರೋ ಕಚೇರೀಲಿ ಕಾಗದ ಅನ್ನೋದು ಅವಮಾನ ಕಣ್ರೀ" ಎಂದು ಕಾರ್ಡುಗಳನ್ನೆಲ್ಲ ರದ್ದಿಗೆ ಹಾಕಿಸಿದರು. ಆಮೇಲೆ ಸುಮಾರು ದಿನ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ತಿಂದು ಮುಗಿಸಿದರೆ ಕೈಯಲ್ಲಿ ಉಳಿಯುತ್ತಿದ್ದದ್ದು ಯಾವುದೋ ಹಸುವಿನ ವಂಶಾವಳಿ.

ಕಂಪ್ಯೂಟರು ತನ್ನ ನೆನಪನ್ನೆಲ್ಲ ಡಿಸ್ಕಿನಲ್ಲಿಟ್ಟುಕೊಳ್ಳುತ್ತದೆ. ಆದರೆ ಡಿಸ್ಕು ಒಂದಲ್ಲ ಒಂದು ದಿನ ಕೈಕೊಡುವುದು ಖಂಡಿತ, ಅದಕ್ಕಾಗಿ ವಾರಕ್ಕೊಮ್ಮೆ ಎಲ್ಲವನ್ನೂ ಟೇಪಿಗೆ ನಕಲು ಮಾಡಿಡಬೇಕು ಎಂದು ಬೆಂಗಳೂರಿನಿಂದ ಬರುತ್ತಿದ್ದ ಸರ್ವಿಸ್ ಎಂಜಿನಿಯರ್ ಕದಿರೇಶ ಹೇಳಿಕೊಟ್ಟಿದ್ದ. ಟೇಪೆಂದರೆ ಹಾಡು ಕೇಳುವ ಕ್ಯಾಸೆಟ್ಟಲ್ಲ. ಊಟದ ತಟ್ಟೆಯಷ್ಟು ಅಗಲದ ರೀಲು, ಅದಕ್ಕೆ ಸುತ್ತಿದ ಅರ್ಧ ಇಂಚು ಅಗಲದ ಕಂದು ಪಟ್ಟಿ. ಬಿಚ್ಚಿದರೆ ಅರ್ಧ ಮೈಲಿಗೆ ಸ್ವಲ್ಪ ಕಡಿಮೆ. ರೀಲಿನ ಬೆನ್ನಿಗೆ ಒಂದು ಪ್ಲಾಸ್ಟಿಕ್ ಉಂಗುರ. ಉಂಗುರ ಇದ್ದರೆ ಯಂತ್ರ ಟೇಪಿನ ಮೇಲೆ ಬರೆಯಬಹುದು, ತೆಗೆದರೆ ಓದಬಹುದು ಅಷ್ಟೆ. ಗಂಗುಲಪ್ಪ ಅದನ್ನು ಬಳೆ ಎನ್ನುತ್ತಿದ್ದ. ಕೊನೆಗೆ ಕದಿರೇಶನೂ ಬಳೆ ಎನ್ನತೊಡಗಿದ.

ರೀಲುಗಳನ್ನು ನೇತುಹಾಕುವ ಕಬ್ಬಿಣದ ಸ್ಟ್ಯಾಂಡು, ಏಸಿ ಹಾಕಿದ ಪುಟ್ಟ ಕೋಣೆ, ಬಾಗಿಲಿಗೆ 'ಟೇಪ್ ಲೈಬ್ರರಿ' ಎಂಬ ಫಲಕ. ಮುಚ್ಚಳದ ಮೇಲಿನ ಪ್ರೀತಿ ನೋಡಿ ಗಂಗುಲಪ್ಪನನ್ನೇ ಅದಕ್ಕೆ ಕಾವಲಿಟ್ಟರು. ಹುಳದ ಮನೆಯ ಕಾಯಿದೆಗಳೆಲ್ಲ ಅಲ್ಲಿಗೆ ವರ್ಗವಾದವು. ಚಪ್ಪಲಿ ಆಚೆ, ಬೀಡಿ ಆಚೆ. ಸಾಹೇಬರು ನಶ್ಯ ಏರಿಸಿಕೊಂಡು ಬಂದರೆ, "ಸಾರ್, ಸೀನು ಬಂದ್ರೆ?" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ಎಲ್ಲವೂ ಸರಿಯಾಗಿತ್ತೆಂದಲ್ಲ. ಹುಳ ಹತ್ತದಿರಲಿ ಎಂದು ರೀಲುಗಳ ನಡುವೆ ಬೇವಿನ ಸೊಪ್ಪು ಇಟ್ಟಿದ್ದ. ಕದಿರೇಶ ಒಂದೊಂದೇ ಎಲೆ ಆರಿಸಿ ತೆಗೆದು, "ಇದು ಟೇಪು ಕಣಪ್ಪ, ರಾಗಿ ಅಲ್ಲ" ಎಂದ. "ಗೊತ್ತು ಸಾರ್, ರಾಗಿ ಆಗಿದ್ರೆ ಇಷ್ಟು ಭಯ ಇರ್ತಿರ್ಲಿಲ್ಲ" ಎಂದ ಗಂಗುಲಪ್ಪ.

ಟೇಪುಗಳದ್ದು ಮೂರು ತಲೆಮಾರು. ಈ ಶನಿವಾರ ಮಾಡಿದ್ದು ಮಗ, ಹೋದ ವಾರದ್ದು ಅಪ್ಪ, ಅದರ ಹಿಂದಿನದು ತಾತ. ಹೆಸರುಗಳು ನಮ್ಮವಲ್ಲ, ಆ ಕಸುಬಿನವರೇ ಇಟ್ಟದ್ದು. ಮಗ, ಅಪ್ಪ ಇಬ್ಬರೂ ಲೈಬ್ರರಿಯಲ್ಲಿ. ಬೆಂಕಿಯೋ ನೀರೋ ಬಂದರೆ ಎಲ್ಲರೂ ಒಟ್ಟಿಗೆ ಹೋಗಬಾರದೆಂದು ತಾತ ಮಾತ್ರ ಬೇರೆ ಊರಿನಲ್ಲಿರಬೇಕು ಎಂದು ನಿಯಮ.

ತಾತನಿಗೆ ಮನೆ ಹುಡುಕಿದ್ದು ಮದುವೆಗೆ ಗಂಡು ಹುಡುಕಿದಂತಾಯಿತು. ಮಾಲೂರು ಸೆಂಟರಿಗೆ ಶೀಟಿನ ಸೂರು, ಪಕ್ಕದಲ್ಲಿ ಹೆಂಚು ಸುಡುವ ಗೂಡು. ಶ್ರೀನಿವಾಸಪುರದಲ್ಲಿ ಜಾಗವಿತ್ತು, ಆದರೆ ಮಾವಿನ ಕಾಲ ಬಂದರೆ ಅಲ್ಲಿ ಡಾಕ್ಟರಿಗೇ ಜಾಗವಿರುವುದಿಲ್ಲ. ಖಜಾನೆಯವರು ಇದು ಯಾವ ಬಾಬಿಗೂ ಸೇರದ ವಸ್ತು ಎಂದರು. ಸಾಹೇಬರು ತಮ್ಮ ಮನೆಗೇ ಒಯ್ದರು. ಮೂರನೆಯ ದಿನ ಏನೂ ಮಾತಾಡದೆ ವಾಪಸು ತಂದರು. ಆಗ ಗಂಗುಲಪ್ಪ, "ಸಾರ್, ನಮ್ಮನೇಲಿ ಹುಳದ ಮನೆ ಪಕ್ಕ ಒಂದು ಕೋಣೆ ಐತೆ. ಮಣ್ಣಿನ ಗೋಡೆ, ಬೇಸಿಗೇಲೂ ತಣ್ಣಗಿರ್ತದೆ. ಅಮ್ಮನ ಟ್ರಂಕಲ್ಲಿ ಇಡ್ತೀನಿ" ಎಂದ.

ಹೀಗೆ ಪ್ರತಿ ಶನಿವಾರ ಮಧ್ಯಾಹ್ನ ಗಂಗುಲಪ್ಪ ಹೊಸ ತಾತನನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತುವುದು, ಸೋಮವಾರ ಹಳೆಯ ತಾತನನ್ನು ಕರೆತರುವುದು ಶುರುವಾಯಿತು.

"ಏನ್ಲಾ ಗಂಗುಲು ಅದು?" ಎಂದು ಒಮ್ಮೆ ಕಂಡಕ್ಟರ್ ಕೇಳಿದ.

"ತಾತ."

"ತಾತಂಗೆ ಟಿಕೆಟ್ಟು?"

"ಮಡಿಲಲ್ಲಿ ಕೂತಿರೋರಿಗೆ ಟಿಕೆಟ್ ಕೇಳ್ತಾರೇನಣ್ಣ?"

ಇಷ್ಟಾದರೂ ಅವನು ದಿನಗೂಲಿಯೇ. ಖಾಯಂ ಮಾಡುವ ಕಡತ ಸಾಹೇಬರ ಮೇಜಿನ ಎಡಗಡೆ ವರ್ಷಗಟ್ಟಲೆ ಮಲಗಿತ್ತು. ಸಹಿಯೊಂದು ಬೀಳಬೇಕು. ಒಂಬತ್ತು ವರ್ಷದಲ್ಲಿ ಅವನು ಒಂದು ದಿನವೂ ರಜೆ ಹಾಕಿರಲಿಲ್ಲ. ದಿನಗೂಲಿಗೆ ರಜೆ ಎಂಬುದಿಲ್ಲ, ಬಾರದ ದಿನ ಮಾತ್ರ ಇರುತ್ತದೆ. "ಈ ಸಲ ಆಗ್ತದಾ ಸಾರ್?" ಎಂದು ಅವನು ನನ್ನನ್ನು ಕೇಳುತ್ತಿದ್ದ, ಪರೀಕ್ಷೆ ಬರೆದ ಮಗುವಿನ ಹಾಗೆ.

ಎಂಬತ್ತಾರರ ಒಂದು ಶುಕ್ರವಾರ ಡಿಸ್ಕು ಕೈಕೊಟ್ಟಿತು. ಮಧ್ಯಾಹ್ನ ಕರೆಂಟು ಹೋಗಿ ಬಂದು ಹೋಗಿ ಬಂದ ಮೇಲೆ ಯಂತ್ರದೊಳಗಿಂದ ಅರಳು ಹುರಿದಂಥ ಸದ್ದು, ಆಮೇಲೆ ಮೌನ. ಬೇರೆ ಡಿಸ್ಕೊಂದಿತ್ತು, ಅದನ್ನು ಹಾಕಿ ಟೇಪಿನಿಂದ ತುಂಬಿಸಿದರೆ ಮುಗಿಯಿತು. ಕೋದಂಡರಾಮಪ್ಪನವರು, "ಇಂಥ ದಿನಕ್ಕೇ ಅಲ್ವೇನ್ರೀ ನಾವು ವ್ಯವಸ್ಥೆ ಮಾಡಿರೋದು" ಎಂದು ಕುರ್ಚಿ ಎಳೆದುಕೊಂಡು ಕೂತರು.

ಮಗನನ್ನು ಏರಿಸಿದೆವು. ಒಂದಿಷ್ಟು ಸುತ್ತಿ ನಿಂತ. ಪರದೆಯ ಮೇಲೆ ಓದಲಾಗುತ್ತಿಲ್ಲ ಎಂದು ಬಂತು. ಮತ್ತೆ ಮತ್ತೆ ಪ್ರಯತ್ನಿಸಿದೆವು. "ಈ ಟೇಪೇ ಕಳಪೆ, ಅಪ್ಪನನ್ನ ಹಾಕಿ" ಎಂದರು ಸಾಹೇಬರು. ಅಪ್ಪನದೂ ಅದೇ ಗತಿ. ಕಾರ್ಡುಗಳು ಕಡಲೆಕಾಯಿ ಪೊಟ್ಟಣವಾಗಿ ಹೋಗಿದ್ದವು. ಏಳು ವರ್ಷದ ಹಸುಗಳೆಲ್ಲ ಈಗ ಒಂದೇ ರೀಲಿನ ಮೇಲೆ ನಿಂತಿದ್ದವು, ಆ ರೀಲು ವಕ್ಕಲೇರಿಯಲ್ಲಿ ಗಂಗುಲಪ್ಪನ ಅಮ್ಮನ ಟ್ರಂಕಿನಲ್ಲಿತ್ತು.

ಬೆಂಗಳೂರಿಗೆ ಫೋನು ಮಾಡಿದರೆ ಕದಿರೇಶ ನಾಳೆ ಬೆಳಿಗ್ಗೆ ಬರುತ್ತಾನೆಂದು ತಿಳಿಯಿತು. "ಅವನು ಬರೋದ್ರೊಳಗೆ ನಾವೇ ಮುಗಿಸಿರ್ತೀವಿ. ಜೀಪ್ ತೆಗೀರಿ" ಎಂದರು ಸಾಹೇಬರು. ಅವರು ಮುಂದೆ, ನಾನು, ಗಂಗುಲಪ್ಪ ಹಿಂದೆ. ದಾರಿಯಲ್ಲಿ ಟೈರು ಪಂಕ್ಚರಾಗಿ, ವಕ್ಕಲೇರಿ ಮುಟ್ಟುವಾಗ ದೀಪ ಹಚ್ಚಿಯಾಗಿತ್ತು.

ಅಕ್ಕಯಮ್ಮ ಗಂಗುಲಪ್ಪನ ತಾಯಿ. ತವರು ಆಂಧ್ರದ ಗಡಿಗೆ ಅಂಟಿದ ಬೈರಕೂರಿನ ಕಡೆ, ಹಾಗಾಗಿ ಆಕೆಯ ಕನ್ನಡ ಅರ್ಧ ದಾರಿಯಲ್ಲಿ ತೆಲುಗಾಗಿಬಿಡುತ್ತಿತ್ತು. ಹೊಸಿಲಿಗೆ ಅರಿಸಿನ ಬಳಿದು, ತಲೆಗೆ ಕನಕಾಂಬರ ಮುಡಿದು ನಿಂತಿದ್ದರು. ವಿಷಯ ಕೇಳಿ, ನಕ್ಕು, "ಇಪ್ಪುಡು ಕಾದು ನಾಯನಾ. ಈಗಾಗಲ್ಲ. ನಾಳೆ ತಗೊಂಡೋಗಿ" ಎಂದರು.

"ನಾಳೆ ಯಾಕಮ್ಮ? ಈಗ್ಲೇ ಬೇಕು" ಎಂದರು ಸಾಹೇಬರು.

"ಶುಕ್ರವಾರ ಸಾಮಿ. ದೀಪ ಹಚ್ಚಿದ ಮೇಲೆ ಮನೆಯಿಂದ ಏನೂ ಆಚೆ ಕೊಡಲ್ಲ. ಪಕ್ಕದ ಮನೆಯೋಳು ಹೆಪ್ಪು ಕೇಳಕ್ಕೆ ಬಂದಿದ್ಲು, ಅವಳಿಗೂ ಇಲ್ಲ ಅಂದೆ."

"ಹೆಪ್ಪಲ್ಲಮ್ಮ ಇದು! ಸರ್ಕಾರಿ ಸಾಮಾನು!"

"ಸರ್ಕಾರದ್ದಾದ್ರೆ ಸರ್ಕಾರದ ಮನೇಲಿ ಇಡ್ಬೇಕಿತ್ತು. ನಮ್ಮನೇಲಿ ಇರೋ ತನಕ ತಾತಂಗೂ ಶುಕ್ರವಾರ ಶುಕ್ರವಾರವೇ."

"ನಾನು ಯೋಜನಾಧಿಕಾರಿ. ಆರ್ಡರ್ ಮಾಡ್ತಾ ಇದೀನಿ!"

"ಮಾಡಿ ಸಾಮಿ, ಯಾರು ಬೇಡ ಅಂದ್ರು? ನಿಂತ್ಕೊಂಡ್ಯಾಕೆ ಮಾಡ್ತೀರಿ, ಒಳಗೆ ಬಂದು ಕೂತ್ಕೊಂಡು ಮಾಡಿ."

ಟ್ರಂಕಿನ ಬೀಗದ ಕೈ ಆಕೆಯ ಸೊಂಟದಲ್ಲಿತ್ತು. ಅದಕ್ಕೆ ಕೈ ಹಾಕುವ ಅಧಿಕಾರ ಯಾವ ಸರ್ಕಾರಿ ಆದೇಶದಲ್ಲೂ ಇರಲಿಲ್ಲ. ಸಾಹೇಬರು ಗಂಗುಲಪ್ಪನ ಕಡೆ ತಿರುಗಿದರು. "ನೋಡಯ್ಯ, ನಿನ್ನ ಫೈಲು ನನ್ನ ಮೇಜಿನ ಮೇಲಿದೆ. ಈಗ ಟೇಪು ಕೊಡ್ಸಿದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಗಂಗುಲಪ್ಪ ತಾಯಿಯ ಮುಖ ನೋಡಿದ. ಆಕೆ ನಗುವುದನ್ನು ನಿಲ್ಲಿಸಿದ್ದರು. ಅವನು ಹೊಸಿಲಿನ ಮೇಲೆ ಕಾಲಿಡದಂತೆ ದಾಟಿ ಒಳಗೆ ಹೋದ. ಟ್ರಂಕನ್ನು ಮುಟ್ಟಿದ ಸದ್ದು ಕೇಳಿಸಿತು. ತರುತ್ತಾನೆ ಎಂದುಕೊಂಡೆ. ಆದರೆ ಅವನು ಬರಿಗೈಯಲ್ಲಿ ಹೊರಬಂದ.

"ಸಾರ್, ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ತರ್ತೀನಿ. ಕೆಲಸ ಇದೆ ಅಂದ್ರೆ ಇರ್ತೀನಿ. ಇಲ್ಲ ಅಂದ್ರೆ ತಾತನ್ನ ಒಪ್ಪಿಸಿ ಹೊರಟೋಗ್ತೀನಿ. ಅಮ್ಮನ ಮನಸ್ಸು ನೋಯಿಸಿ ಮಾತ್ರ ತೆಗೆಯಲ್ಲ."

ಆಗ ನಮ್ಮ ಜೀಪಿನ ಡ್ರೈವರು ಯಾರಿಗೂ ಅಲ್ಲವೆಂಬಂತೆ, "ನಮ್ಮನೇಲೂ ಕೊಡಲ್ಲ ಸಾರ್" ಎಂದ. ಸಾಹೇಬರ ಮನೆಯಲ್ಲೂ ಕೊಡುವುದಿಲ್ಲವೆಂದು ನನಗೆ ಗೊತ್ತಿತ್ತು. ಒಂದು ಶುಕ್ರವಾರ ಸಂಜೆ ಅವರ ಮನೆಗೆ ಕೊಡೆ ಕೇಳಲು ಹೋಗಿ ನೆಂದುಕೊಂಡು ಬಂದವನು ನಾನು. ಅವರು ಕೋಟಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿ, "ಆಡಳಿತದ ದೃಷ್ಟಿಯಿಂದ ಬೆಳಿಗ್ಗೆಯೇ ಸೂಕ್ತ" ಎಂದು ಜೀಪು ಹತ್ತಿದರು.

ಮರುದಿನ ನಾನು ಹೋಗುವಷ್ಟರಲ್ಲಿ ಗಂಗುಲಪ್ಪ ವರಾಂಡದ ಬೆಂಚಿನ ಮೇಲೆ ತಾತನನ್ನು ತಬ್ಬಿಕೊಂಡು ಕೂತಿದ್ದ. ಒಳಗೆ ಬರಲೊಲ್ಲ. "ಬರ್ಬೇಡ ಅಂದವ್ರೆ ಸಾರ್. ಇಲ್ಲೇ ಇರ್ತೀನಿ, ಇಸ್ಕೊಳ್ಳಿ ಅನ್ನಿ." ಒಂಬತ್ತು ವರ್ಷ ಓಡಾಡಿದ ನೆಲದ ಮೇಲೆ ಕಾಲಿಡಲು ಅವನಿಗೆ ಅಪ್ಪಣೆ ಬೇಕಾಗಿತ್ತು. ಅವನ ಮುಖ ನೋಡಲಾಗದೆ ನಾನು ರೀಲಿನ ಡಬ್ಬಿಯನ್ನು ನೋಡಿದೆ. ಮುಚ್ಚಳ ಭದ್ರವಾಗಿತ್ತು.

ಸಾಹೇಬರು ಬಂದು ರೀಲಿಗೆ ಕೈ ಚಾಚುವುದಕ್ಕೂ ಕದಿರೇಶ ಬರುವುದಕ್ಕೂ ಸರಿಹೋಯಿತು. ಅವನು ನಿನ್ನೆ ಸೋತ ಎರಡು ರೀಲುಗಳನ್ನು ಬೆಳಕಿಗೆ ಹಿಡಿದ. ಪಟ್ಟಿಯ ಅಂಚು ಕೊಬ್ಬರಿ ತುರಿದ ಹಾಗೆ ತರಿತರಿಯಾಗಿತ್ತು. ಟೇಪಿನ ಯಂತ್ರದ ಬಾಗಿಲು ತೆಗೆದು ಬೆರಳಾಡಿಸಿದ. ಬೆರಳಿಗೆ ಕಂದು ಪುಡಿ ಮೆತ್ತಿಕೊಂಡಿತು. ಟೇಪು ಹಾಯುವ ದಾರಿಯಲ್ಲಿ ಒಂದು ಪುಟ್ಟ ಉರುಳೆ ಜಾಮಾಗಿ, ಅಂಚು ಒಡೆದು, ಕತ್ತಿಯಾಗಿತ್ತು.

"ಟೇಪುಗಳದ್ದೇನೂ ತಪ್ಪಿಲ್ಲ ಸಾರ್. ಅವು ಚೆನ್ನಾಗೇ ಇದ್ವು. ಇಲ್ಲಿಗೆ ಹಾಕಿದ ಮೇಲೆ ಈ ಮಿಷನ್ನು ಅವನ್ನ ಹೆರೆದುಹಾಕಿದೆ. ಮೂರನೇದೂ ಹಾಕಿದ್ರಾ?" ಅವನ ದನಿ ಸಣ್ಣಗಾಗಿತ್ತು.

"ಇಲ್ಲ" ಎಂದೆ.

"ನಿನ್ನೆ ಸಾಯಂಕಾಲ ಹಾಕಿದ್ದಿದ್ರೆ ಅದೂ ಹೋಗ್ತಿತ್ತು. ಎಲ್ಲ ಕಡೆ ಹೀಗೇ ಆಗೋದು ಸಾರ್, ಗಾಬರಿಗೆ ಒಂದರ ಹಿಂದೆ ಒಂದು ಹಾಕಿಬಿಡ್ತಾರೆ. ಯಾರು ತಡೆದದ್ದು?"

ಕೋದಂಡರಾಮಪ್ಪನವರು ಗಂಟಲು ಸರಿಮಾಡಿಕೊಂಡರು.

"ಮುನ್ನೆಚ್ಚರಿಕೆ" ಎಂದರು. "ಕೊನೇ ಪ್ರತಿಯನ್ನ ಅವಸರದಲ್ಲಿ ಹೊರತೆಗೀಬಾರ್ದು. ನಮ್ಮಲ್ಲಿ ಅದಕ್ಕೊಂದು ಪದ್ಧತಿ ಇದೆ."

"ಭೇಷ್ ಸಾರ್" ಎಂದ ಕದಿರೇಶ. ನಾನು ಕಿಟಕಿಯಾಚೆ ನೋಡಿದೆ. ಅಕ್ಕಯಮ್ಮನಿಗೆ ಉರುಳೆಯ ವಿಷಯ ಗೊತ್ತಿರಲಿಲ್ಲ, ಗಂಗುಲಪ್ಪನಿಗೂ ಗೊತ್ತಿರಲಿಲ್ಲ, ನಮಗಂತೂ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವರಲ್ಲಿ ನಿಧಾನ ಇದ್ದವರು ಗೆದ್ದರು, ಅಷ್ಟೆ.

ಉರುಳೆ ಬದಲಾಯಿತು. ಕದಿರೇಶ ಒಂದು ಕೆಲಸಕ್ಕೆ ಬಾರದ ಟೇಪನ್ನು ಹಿಂದೆ ಮುಂದೆ ಓಡಿಸಿ, ಅಂಚನ್ನು ಬೆರಳಿಂದ ಸವರಿ ನೋಡಿದ. ಆಮೇಲೆ, "ತಾತನ್ನ ಕರೀರಿ. ಬಳೆ ತೆಗೆದಿದೆಯಾ ಗಂಗುಲಪ್ಪ?" ಎಂದ. ಗಂಗುಲಪ್ಪ ವರಾಂಡದಿಂದಲೇ, "ತೆಗೆದಿದೀನಿ ಸಾರ್" ಎಂದು ಕೂಗಿದ.

ಸಾಹೇಬರು ಬಾಗಿಲ ತನಕ ಹೋದರು. "ಅಲ್ಲಿ ಕೂತು ಏನ್ ಮಾಡ್ತಿದೀಯಯ್ಯ? ನಿನ್ನ ಕೆಲಸ ಯಾರು ಮಾಡ್ಬೇಕು?" ಎಂದು ಗದರಿದರು. ಜೀವನದಲ್ಲಿ ಇಷ್ಟು ಸಿಹಿಯಾದ ಗದರಿಕೆಯನ್ನು ನಾನು ಕೇಳಿಲ್ಲ. ಗಂಗುಲಪ್ಪ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು, ಒಳಗೆ ಬಂದ.

ತಾತ ಸುತ್ತತೊಡಗಿದ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಕಿವಿಯ ಬಿಲ್ಲೆಗಳ ನಂಬರು ಒಂದರ ಕೆಳಗೊಂದು ಇಳಿಯತೊಡಗಿದವು. ಮಾಲೂರಿನ ಹಸು, ಅದರ ತಾಯಿ, ಅದರ ಮಗಳು. ಸಂಜೆ ಕೊಟ್ಟಿಗೆಗೆ ಹಸುಗಳು ಮರಳಿ ಬರುವುದನ್ನು ಬಾಗಿಲಲ್ಲಿ ನಿಂತು ನೋಡುವವನಂತೆ ನಾನು ನೋಡಿದೆ. ಹೆಚ್ಚುಕಡಿಮೆ ಮೂರು ವಾರದ ಸಂಗತಿ ಮಾತ್ರ ಕಳೆದಿತ್ತು. ಅದನ್ನು ಮತ್ತೆ ಟೈಪ್ ಮಾಡಿ ತುಂಬಿಸುವಾಗ ನಾನು ಹಾಡು ಗುನುಗುತ್ತಿದ್ದೆನಂತೆ. ಸಾಕ್ಷಿಗಳಿದ್ದಾರೆ.

ಮುಂದಿನದೆಲ್ಲ ಕೋದಂಡರಾಮಪ್ಪನವರ ಪ್ರತಿಭೆ. ಬೆಂಗಳೂರಿಗೆ ಅವರು ಕಳಿಸಿದ ವರದಿ ದೊಡ್ಡದಾಗಿತ್ತು. ಜೊತೆಗೊಂದು ಸುತ್ತೋಲೆ: 'ಮಂಗಳವಾರ ಮತ್ತು ಶುಕ್ರವಾರ ಸೂರ್ಯಾಸ್ತದ ನಂತರ ಹೊರಗಿನ ಸಂಗ್ರಹದಿಂದ ಟೇಪನ್ನು ಹಿಂಪಡೆಯತಕ್ಕದ್ದಲ್ಲ.' ಬೆಂಗಳೂರಿನವರು ಮೆಚ್ಚಿ ಪತ್ರ ಬರೆದರು. ಮೆಚ್ಚಿಕೆಯ ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆ: ಇಷ್ಟು ಮುಖ್ಯವಾದ ಸಂಗ್ರಹದ ಜವಾಬ್ದಾರಿ ಹೊತ್ತ ಖಾಯಂ ನೌಕರನ ಹೆಸರು, ಹುದ್ದೆ ತಿಳಿಸಿ.

ಸಾಹೇಬರು ಆ ಸಾಲನ್ನು ಎರಡು ಸಲ ಓದಿದರು. ದಿನಗೂಲಿಯವನೆಂದು ಬರೆದರೆ ಅವರ ಪದ್ಧತಿಯ ಘನತೆ ಏನಾಗಬೇಕು? ಎಡಗಡೆಯ ಕಡತ ಅಂದೇ ಎದ್ದು ಕೂತಿತು. ಸಹಿ ಹಾಕಿ, "ನಾನು ಮೊದ್ಲಿಂದ್ಲೂ ಅಂದ್ಕೊಂಡಿದ್ದೆ ಕಣ್ರೀ" ಎಂದರು. ಪೂರ್ತಿ ಸುಳ್ಳೂ ಅಲ್ಲವೇನೋ. ಅವರು ಎಲ್ಲವನ್ನೂ ಮೊದಲಿಂದ ಅಂದುಕೊಂಡಿರುತ್ತಿದ್ದರು.

ಆದೇಶ ಕೈಗೆ ಬಂದಾಗ ಗಂಗುಲಪ್ಪ ಅದನ್ನು ಓದಿ, ಮಡಿಸಿ, ಜೇಬಿಗಿಟ್ಟು, ಜೇಬಿನ ಗುಂಡಿ ಹಾಕಿದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಸಾರ್, ರಜೆ ಚೀಟಿ ಹೇಗೆ ಬರೀತಾರೆ?" ಎಂದ. ಅಮ್ಮ ತವರಿಗೆ ಹೋಗಿ ವರ್ಷಗಳಾಗಿದ್ದವು. ಇವನಿಗೆ ಬಿಡುವಿಲ್ಲ, ಆಕೆಗೆ ಎರಡು ಬಸ್ಸು ಬದಲಿಸುವ ಶಕ್ತಿಯಿಲ್ಲ. ಒಂದು ದಿನ ಬೈರಕೂರಿಗೆ ಕರೆದುಕೊಂಡು ಹೋಗಿ ಬರಬೇಕು.

ನಾನು ಬರೆದುಕೊಟ್ಟೆ. ಸಾಹೇಬರು ಮಂಜೂರು ಮಾಡಿ, ಅದನ್ನೇ ನೋಡುತ್ತ ಕೂತರು. ಧನ್ಯವಾದ ಎಂಬ ಮಾತು ಅವರ ಬಾಯಿಗೆ ಬರುವ ಪೈಕಿಯದಲ್ಲ. ನನಗೂ ಬರುವುದಿಲ್ಲ, ಬರುವುದಾದರೆ ಗಂಗುಲಪ್ಪನಿಗೆ ಅಂದೇ ಹೇಳಿಬಿಟ್ಟು ಇಷ್ಟುದ್ದ ಬರೆಯುವುದನ್ನು ತಪ್ಪಿಸುತ್ತಿದ್ದೆ. ನನ್ನ ಒಂದೂವರೆ ವರ್ಷವನ್ನು ಅವನು ತನ್ನ ಒಂಬತ್ತು ವರ್ಷ ಪಣಕ್ಕಿಟ್ಟು ಉಳಿಸಿದ. ಉಳಿಸುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ ಎಂಬ ಕಾರಣಕ್ಕೆ ಋಣ ಕಡಿಮೆಯಾಗುತ್ತದೆಯೇ?

ಸಾಹೇಬರು ನನ್ನನ್ನು ಕರೆದರು. "ಬೈರಕೂರಿನ ಕರುಗಳ ಕ್ಯಾಂಪು ಇನ್ಸ್‌ಪೆಕ್ಷನ್ ಮಾಡಿ ಬಹಳ ದಿನ ಆಯ್ತಲ್ವೇನ್ರೀ? ಟೂರ್ ಪ್ರೋಗ್ರಾಂ ಟೈಪ್ ಮಾಡಿ." ಹೇಳಿದ ತಾರೀಕು ಗಂಗುಲಪ್ಪನ ರಜೆಯದೇ. "ದಾರೀಲಿ ವಕ್ಕಲೇರಿ ಸಂಗ್ರಹವನ್ನೂ ಪರಿಶೀಲಿಸಿಕೊಂಡು ಹೋಗೋಣ" ಎಂದು ಸೇರಿಸಿದರು.

ಬೈರಕೂರು ಇರುವುದು ಮುಳಬಾಗಿಲಿನ ಆಚೆ, ಮೂಡಣಕ್ಕೆ. ವಕ್ಕಲೇರಿ ಇರುವುದು ಅದಕ್ಕೆ ಬೆನ್ನು ಮಾಡಿದ ದಿಕ್ಕಿಗೆ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. 'ವಕ್ಕಲೇರಿ ಮಾರ್ಗವಾಗಿ' ಎಂದು ನಾನು ಸ್ವಲ್ಪ ಒತ್ತಿಯೇ ಟೈಪ್ ಮಾಡಿದೆ.

ಆ ದಿನ ಅಕ್ಕಯಮ್ಮ ಹೊಸ ಸೀರೆಯುಟ್ಟು, ಮಡಿಲಲ್ಲಿ ತವರಿಗೆಂದು ಕಟ್ಟಿದ ತಿಂಡಿಯ ಗಂಟಿಟ್ಟುಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಕೋದಂಡರಾಮಪ್ಪನವರು ನಮ್ಮ ಜೊತೆ ಹಿಂದೆ, ಅಡ್ಡ ಬೆಂಚಿನ ಮೇಲೆ, ಮೊಣಕಾಲು ಮಡಿಸಿಕೊಂಡು. ಮುಳಬಾಗಿಲು ದಾಟಿದ ಮೇಲೆ ಆಕೆ ಹಿಂದಕ್ಕೆ ತಿರುಗಿ, "ಸಾಮಿ, ಅಲ್ಲಿ ಸರಿಯಾಗಿ ಕೂರಕ್ಕಾಗ್ತಾ ಐತಾ?" ಎಂದು ವಿಚಾರಿಸಿದರು.

"ಪರವಾಗಿಲ್ಲಮ್ಮ" ಎಂದರು ಸಾಹೇಬರು. ಅಷ್ಟೇ ಅಂದರು. ಜೀಪು ಕುಲುಕುತ್ತಿದ್ದುದರಿಂದ ಭಾಷಣಕ್ಕೆ ಅನುಕೂಲವಿರಲಿಲ್ಲ ಎಂದು ಬೇಕಾದರೆ ಇಟ್ಟುಕೊಳ್ಳಬಹುದು.